ಮೆಟ್ಟುಗಾಲು ಹಕ್ಕಿಗೆ ಟಚಿಂಗ್

ಕ್ಯಾಮೆರಾ ಹೆಗಲಿಗೇರಿಸಿ ಕೆರೆಯ ಕಡೆ ಹೊರಟರೆ ಸಾಕು, ನನಗೆ ಏನಾದರೊಂದು ಫಜೀತಿ ಕಾದೇ ಇರುತ್ತಿತ್ತು. ಎಂಬತ್ತರ ದಶಕದ ಆರಂಭ. ಶಿಗ್ಗಾಂವಿಯಲ್ಲಿ ಬ್ಯಾಂಕ್ ನೌಕರಿ, ರವಿವಾರ ಬಂತೆಂದರೆ ಯಾವುದಾದರೂ ಕೆರೆಯ ದಂಡೆ. ನೀರಂಚಿನಲ್ಲಿ ಉದ್ದ ಕಾಲೂರಿ ನಿಲ್ಲುವ ಮೆಟ್ಟುಗಾಲು ಹಕ್ಕಿಯ ಒಂದೇ ಒಂದು ಒಳ್ಳೆಯ ಫೋಟೋ ತೆಗೆದು ಹುಬ್ಬಳ್ಳಿಯ ಪ್ರದರ್ಶನದಲ್ಲಿ ಬಹುಮಾನ ಹೊಡೆಯಬೇಕೆಂಬುದು ನನ್ನ ಹುಚ್ಚು.

೧. ಹಾನಗಲ್ಲಿನಲ್ಲಿ ಮಲಗಿದ್ದು

ನಿಂತು ತೆಗೆದರೆ ಹಕ್ಕಿಯ ಬೆನ್ನೇ ಬರುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಹಾಗೆಂದು ಆನಿಕೆರೆಯ ಕೆಸರಿನಲ್ಲಿ ಬೋರಲು ಮಲಗಿದೆ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು, "ಯವ್ವಾ, ಯಾರೋ ಸಾಹೇಬ್ರು ಬಿದ್ದಾರ, ಓಡಿ ಬರ್ರೋ!" ಎಂದು ಕೂಗಿದಳು. ದಂಡೆಯ ಮೇಲಿದ್ದವರು ಬಂದು ಕೈಕಾಲು ಹಿಡಿದು ನನ್ನನ್ನು ಎತ್ತಿದರು. ಹಕ್ಕಿ ಹಾರಿಹೋಯಿತು.

"ಬಿದ್ದಿಲ್ಲಬೇ, ಫೋಟೋ ತಗ್ಯಾಕ ಮಲಗಿದ್ದೆ!" ಎಂದೆ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನನ್ನ ಮಗಳ ಲಗ್ನದಾಗ ಫೋಟೋದಾಂವ ನಿಂತs ತಗದಾನಪಾ. ಚಲೋ ಬಂದಾವ."

೨. ಸವಣೂರಿನ ಎಮ್ಮೆ

ಎಮ್ಮೆಗೆ ಹಕ್ಕಿ ಹೆದರುವುದಿಲ್ಲವಲ್ಲ! ಸವಣೂರಿನಲ್ಲಿ ಒಬ್ಬ ರೈತನನ್ನು ಪುಸಲಾಯಿಸಿ, ಅವನ ಎಮ್ಮೆಯ ಮರೆಯಲ್ಲಿ ಬಗ್ಗಿಕೊಂಡು ಸಾಗಿದೆ. ಇನ್ನೇನು ಬಟನ್ ಒತ್ತಬೇಕು, ಎಮ್ಮೆ ನೀರಿನಲ್ಲಿ ಸುಖವಾಗಿ ಕುಳಿತುಬಿಟ್ಟಿತು. ಬಯಲಿನಲ್ಲಿ ನಾನೊಬ್ಬನೇ! ಹಕ್ಕಿ ಮತ್ತೆ ಪರಾರಿ.

"ಏನ್ರೀ ಇದು?" ಎಂದು ರೇಗಿದರೆ ರೈತ ಸಮಾಧಾನ ಹೇಳಿದ: "ಅದಕ್ಕ ಫೋಟೋ ತಗಸ್ಕೊಂಡು ರೂಢಿ ಇಲ್ರೀ. ನಾಚ್ಕೊಂತು."

೩. ಖಾಲಿ ಜಾಗ

ಕೊನೆಗೂ ಹಿರೇಕೆರೂರಿನ ಕಡೆ ಒಂದು ಕೆರೆಯಲ್ಲಿ ಹಕ್ಕಿ ಒಲಿಯಿತು, ನೀರಿನೊಳಗಿನ ಪ್ರತಿಬಿಂಬದ ಸಮೇತ! ದಂಡೆಯ ಮೇಲೆ ಕುಣಿದೇಬಿಟ್ಟೆ. ನೆಗೆಟಿವ್ ಒಯ್ದು ಶಿಗ್ಗಾಂವಿಯ ಸ್ಟುಡಿಯೋದವರಿಗೆ ಕೊಟ್ಟು, "ಹಕ್ಕಿ ಒಂದು ಬದಿಗಿರ್ಲಿ. ಅದು ನೋಡಾಕತ್ತಿದ ಕಡೆ ಜಾಗಾ ಖಾಲಿ ಬಿಡ್ರಿ" ಎಂದೆ.

ಅವರು ಆಯುಷ್ಯವೆಲ್ಲ ಮದುವೆ, ಮನೆತನದ ಗ್ರೂಪ್ ಫೋಟೋ ತೆಗೆದವರು. ತಲೆ ಕೆರೆದುಕೊಂಡು ಕೇಳಿದರು: "ಯಾಕ್ರೀ, ಇನ್ನೂ ಯಾರರ ಬರೋರದಾರೇನು?"

೪. ಹೊಸ ಜಾತಿ

ಪ್ರದರ್ಶನದ ದಿನವೇ ಪ್ರಿಂಟ್ ಕೈಗೆ ಬಂತು. ಜಾಗವನ್ನೇನೋ ಹೇಳಿದಂತೆಯೇ ಬಿಟ್ಟಿದ್ದರು. ಆದರೆ ಹಕ್ಕಿ! ಕಡ್ಡಿಯಂಥ ಕಾಲು ಬ್ರಷ್ಷಿನಿಂದ ದಪ್ಪಗಾಗಿತ್ತು, ಉದ್ದನೆಯ ಕೊಕ್ಕು ಮೋಟಾಗಿತ್ತು, ಕಣ್ಣಿಗೆ ಕಾಡಿಗೆ ಬೇರೆ.

"ಕನ್ಯಾ ತೋರ್ಸೋ ಫೋಟೋಕ್ಕ ಇಷ್ಟು ಟಚಿಂಗ್ ಮಾಡs ಮಾಡ್ತೇವ್ರಿ," ಎಂದರು ಸ್ಟುಡಿಯೋದವರು, ಹೆಮ್ಮೆಯಿಂದ. "ನಿಮ್ಮ ಹಕ್ಕಿ ಭಾಳ ಸೊರಗಿತ್ತು."

ನನಗೆ ಅಳುವೊಂದೇ ಬಾಕಿ. ಬೇರೆ ಪ್ರಿಂಟಿಗೆ ಸಮಯವಿರಲಿಲ್ಲ, ಅದನ್ನೇ ಒಯ್ದು ತೂಗುಹಾಕಿದೆ.

ತೀರ್ಪುಗಾರರಲ್ಲಿ ಹಕ್ಕಿಗಳ ವಿಷಯ ಅರೆದು ಕುಡಿದ ಪ್ರೊಫೆಸರರೊಬ್ಬರಿದ್ದರು. ಎಲ್ಲ ಫೋಟೋ ದಾಟಿ ಬಂದವರು ನನ್ನದರ ಮುಂದೆ ನಿಂತೇಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನ್ ಹಕ್ಕಿರೀ ಇದು! ನನ್ನ ಜನ್ಮದಾಗ ಈ ಜಾತಿ ನೋಡಿಲ್ಲ. ಮೊದಲನೇ ಬಹುಮಾನ ಇದಕ್ಕs! ಆದ್ರ ನಾಳೆನs ನನ್ನ ಕರ್ಕೊಂಡು ಹೋಗಿ ತೋರಸ್ರಿ. ಯಾವ ಕೆರ್ಯಾಗ ಅದ?"

ಬಹುಮಾನ ಕೈಗೆ ಬಂದಂತೆಯೇ ಇತ್ತು. ಆದರೆ ನಾಳೆ ಅವರಿಗೆ ತೋರಿಸುವುದೇನನ್ನು?

"ಕೆರಿಗೆ ಬ್ಯಾಡ್ರಿ ಸರ್," ಎಂದೆ. "ಶಿಗ್ಗಾಂವಿ ಸ್ಟುಡಿಯೋಕ್ಕ ಬರ್ರಿ. ಅದು ಅಲ್ಲೇ ಹುಟ್ಟೇತಿ."