ಸಿ.ಡಿ.ಯೊಳಗಿನ ಮೇಷ್ಟ್ರು

ತನ್ನ ದನಿಯನ್ನು ತಾನೇ ಕೂತು ಕೇಳುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಕನ್ನಡಿಯನ್ನು ದಿನವೂ ನೋಡುವುದರಿಂದ ಮುಖದ ವಿಷಯದಲ್ಲಿ ಹೇಗೋ ರಾಜಿಯಾಗಿರುತ್ತೇವೆ. ದನಿಯ ವಿಷಯ ಹಾಗಲ್ಲ. 2006ರಲ್ಲಿ ನಾನು ತಿ. ನರಸೀಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾರ್ಟ್‌ಟೈಮ್ ಲೆಕ್ಚರರ್. ಮನೆ ನಂಜನಗೂಡಿನಲ್ಲಿ, ಓಡಾಟ ಬಸ್ಸಿನಲ್ಲಿ, ಕೆಲಸ ವರ್ಷದಿಂದ ವರ್ಷಕ್ಕೆ. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ಪ್ರಿನ್ಸಿಪಾಲರು, ಇನ್ನು ಪಾಠ ಅರ್ಧ ಕಂಪ್ಯೂಟರಿನಲ್ಲಿ, ಅರ್ಧ ಕರಿಹಲಗೆಯ ಮುಂದೆ ನಡೆಯಬೇಕು, ಪ್ರತಿ ಪಾಠವಾದ ಮೇಲೆ ಮೇಷ್ಟ್ರು ಆತ್ಮಾವಲೋಕನ ಮಾಡಿಕೊಳ್ಳಬೇಕು ಎಂದರು. ತಾರೀಕು ಹಾಕಿ ದಿನಚರಿ ಬರೆಯುವ ಚಟದವನಾದ ನನಗೆ ಇದು ಹಬ್ಬವೇ ಆಯಿತು.

ಮೊದಲ ಪಾಠವನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಿದೆ. ಬೇಡಿಕೆಯ ನಿಯಮವನ್ನು ವಿವರಿಸುವಷ್ಟರಲ್ಲಿ ‘ಅಂದ್ರೆ ಏನಪ್ಪಾ ಅಂದ್ರೆ’ ಎಂದು ನಲವತ್ತೊಂದು ಸಲ ಹೇಳಿದ್ದೆ. ಅಡುಗೆಮನೆಯಿಂದ ಅಮ್ಮ, "ಯಾರೋ ಅದು, ಪಾಪ, ಮಾತೇ ಬರ್ದಂಗೆ ತಡವರಿಸ್ತಾನೆ?" ಎಂದರು. ಕೆಮ್ಮು, ತಡವರಿಕೆ, ‘ಏನಪ್ಪಾ’ ಎಲ್ಲವನ್ನೂ ತೆಗೆದು ಮತ್ತೆ ಮತ್ತೆ ರೆಕಾರ್ಡ್ ಮಾಡಿದೆ. ಕೊನೆಗೆ ಸಿದ್ಧವಾದ ಸಿ.ಡಿ.ಯಲ್ಲಿ ನನ್ನ ಯಾವ ದೋಷವೂ ಉಳಿಯಲಿಲ್ಲ.

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. "ಬಾಳ ಚೆನ್ನಾಗಿದೆ ಕಣ್ರೀ. ಸಿ.ಡಿ.ನೇ ಇಷ್ಟು ಚೆನ್ನಾಗಿ ಪಾಠ ಮಾಡೋವಾಗ, ಮುಂದಿನ ವರ್ಷ ನೀವ್ಯಾಕೆ ಅಂತ ಕಮಿಟಿಯೋರು ಕೇಳಿದ್ರೆ ಏನ್ ಹೇಳ್ಲಿ?" ಎಂದರು. ಪರೀಕ್ಷಾರ್ಥವಾಗಿ ಹದಿನೈದು ದಿನ ಸಿ.ಡಿ. ಒಂದೇ ಪಾಠ ಮಾಡಲಿ ಎಂದು ತೀರ್ಮಾನವಾಯಿತು. ಅಟೆಂಡರ್ ಪುಟ್ಟಸ್ವಾಮಿ ಕಂಪ್ಯೂಟರ್ ಹಚ್ಚಿ ಹೋಗುತ್ತಿದ್ದ. ನಾನು ಸ್ಟಾಫ್ ರೂಮಿನಲ್ಲಿ ಕೂತು, ನನ್ನದೇ ದನಿ ನನ್ನ ಅನ್ನ ಕಿತ್ತುಕೊಳ್ಳುವುದನ್ನು ಗೋಡೆಯಾಚೆಯಿಂದ ಕೇಳುತ್ತಿದ್ದೆ. ಆತ್ಮಾವಲೋಕನಕ್ಕೆ ಅದಕ್ಕಿಂತ ಪ್ರಶಸ್ತವಾದ ಜಾಗ ಬೇರೆ ಸಿಕ್ಕಲಾರದು.

ಹದಿನೈದು ದಿನ ತುಂಬುವ ಮೊದಲೇ ನಂಜನಗೂಡು ದಾರಿಯ ಹೆಡತಲೆ ಊರಿನ ಹುಡುಗ ಮಹದೇವ ಇಡೀ ತರಗತಿಯನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಕೋಣೆಗೆ ಬಂದ. ನಾನೂ ಅಲ್ಲೇ ಇದ್ದೆ.

"ನಮ್ಗೆ ಈ ಮೇಷ್ಟ್ರೇ ಬೇಕು ಸಾ," ಎಂದ. ಆ ಮಾತನ್ನು ಅಂದಿನ ದಿನಚರಿಗೆ ಮನಸ್ಸಿನಲ್ಲೇ ಬರೆದುಕೊಂಡೆ.

"ಯಾಕಪ್ಪಾ, ಸಿ.ಡಿ. ಪಾಠ ಅರ್ಥ ಆಗ್ತಿಲ್ವಾ?"

"ಆಯ್ತದೆ ಸಾ. ಇವ್ರಿಗಿಂತ ಚೆಂದಾಗೇ ಯೋಳ್ತದೆ. ಆದ್ರೆ ಅದು ನಿಲ್ಸಾದೇ ಇಲ್ಲ, ನಾಕ್ ಗಂಟೆ ಬಸ್ಸು ಒಂಟೋಯ್ತದೆ. ಈ ಸಾ ಆದ್ರೆ ಬಸ್ಸಿನ್ ಆರ್ನ್ ಕೇಳ್ತಿದ್ದಂಗೇ ಡಸ್ಟರ್ ಮಡಗ್ಬುಡ್ತಾರೆ."

ಬರೆದುಕೊಂಡಿದ್ದನ್ನು ಮನಸ್ಸಿನಲ್ಲೇ ಹೊಡೆದುಹಾಕಿದೆ. ಪ್ರಿನ್ಸಿಪಾಲರು ನನ್ನತ್ತ ತಿರುಗಿ, "ನೀವು ಊರಿಗೋಗೋದು ಯಾವ ಬಸ್ಸಲ್ರೀ?" ಎಂದರು.

"ಅದೇ ಬಸ್ಸು, ಸಾರ್."

ಮರುವರ್ಷವೂ ನನಗೆ ಕೆಲಸ ಸಿಕ್ಕಿತು. ತರಗತಿಯನ್ನು ಮಾತ್ರ ಅವರು ಸಂಜೆಯ ಕೊನೆಯ ಪೀರಿಯಡ್‌ನಿಂದ ಬೆಳಗಿನ ಮೊದಲ ಪೀರಿಯಡ್‌ಗೆ ತಂದರು. ನಂಜನಗೂಡಿನ ಬಸ್ಸು ತಲುಪುವುದು ಗಂಟೆ ಹೊಡೆದ ಎಷ್ಟೋ ಹೊತ್ತಿನ ಮೇಲೆ. ಹಾಗಾಗಿ ಮೊದಲರ್ಧ ಸಿ.ಡಿ., ಉಳಿದರ್ಧ ನಾನು. ಹೊಸ ವಿಧಾನವನ್ನು ಇಷ್ಟು ಸರಿಯಾಗಿ ಅಳವಡಿಸಿಕೊಂಡವರು ಬೇರೆಲ್ಲೂ ಇಲ್ಲ ಎಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಹೊಗಳಿದರು.

ಮಹದೇವನದೂ ಅದೇ ಬಸ್ಸು. ಇಬ್ಬರೂ ಏದುಸಿರು ಬಿಡುತ್ತಾ ತರಗತಿಯ ಬಾಗಿಲಿಗೆ ಬರುವಾಗ ಒಳಗೆ ನಾನು ಬಹಳ ಚೆನ್ನಾಗಿ ಪಾಠ ಮಾಡುತ್ತಿರುತ್ತೇನೆ. ಮಧ್ಯೆ ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದು, ಸದ್ದು ಮಾಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತೇನೆ.