ಹನ್ನೆರಡು ಮೀಟರ್ ಚೌಕದಾಗ ನಮ್ಮಣ್ಣ

ಈ ಜಗತ್ತಿನ್ಯಾಗ ಯಾರೂ ನೆಟ್ಟಗ ನಿಂತಿದ್ದು ನಮ್ಮಣ್ಣನ ಕಣ್ಣಿಗೆ ಇವತ್ತಿಗೂ ಬಿದ್ದಿಲ್ಲ! ನಮ್ಮನಿ ಗ್ವಾಡಿ ಮ್ಯಾಲ ಕೊಳಲೂದೂ ಕೃಷ್ಣನ ಕ್ಯಾಲೆಂಡರ್ ಐತಿ. ಊರ ಮಂದಿ ಅದಕ್ಕ ಕೈ ಮುಗೀತಾರ, ನಮ್ಮಣ್ಣ ಒಂದ ನಿಮಿಷ ದಿಟ್ಟಿಸಿ ನೋಡಿ, "ಕಾಲು ಕ್ರಾಸ್ ಆಗ್ಯಾವು, ದಶಾಂಶ ಮೂರು ಹೋತು" ಅಂದ. ಇಂಥಾವನ ಕೈಯಾಗ ಮನುಷ್ಯಾರ ಗತಿ ಏನು ಹೇಳ್ರಿ?

ಅಂವ ದಾಂಡೇಲಿ ಪೇಪರ್ ಮಿಲ್ಲಿನ್ಯಾಗ ಫಿಟ್ಟರ್ ಆಗಿದ್ದು ಈಗ ನಿವೃತ್ತ. ಹರೇದಾಗ ಜಿಮ್ನಾಸ್ಟಿಕ್ಸ್ ಮಾಡ್ದಂವ. ಮೈ ಬಗ್ಗೂದು ನಿಂತ ಮ್ಯಾಲ ಅಂಕದ ನಿಯಮದ ಪುಸ್ತಕ ಹಿಡದ, ಇನ್ನೂ ಬಿಟ್ಟಿಲ್ಲ. ತನ್ನ ಮಗಳ ಮದುವಿಯೊಳಗ ಮಾಲಿ ಹಾಕೂ ಮುಂದ ಅಳಿಯ ಒಂದ ಹೆಜ್ಜಿ ಹಿಂದ ಸರದ. ಅಕ್ಷತಿ ಹಾಕೂದು ಬಿಟ್ಟು ನಮ್ಮಣ್ಣ ನನ್ನ ಕಿವಿಯೊಳಗ, "ಲ್ಯಾಂಡಿಂಗಿನ್ಯಾಗ ಹೆಜ್ಜಿ, ದಶಾಂಶ ಒಂದು" ಅಂತಾನ! ಆ ಸುದ್ದಿ ಹೆಂಗೋ ಅಳಿಯನ ಕಿವಿಗೆ ಬಿತ್ತು. ಪಾಪ, ಇವತ್ತಿಗೂ ಅಂವ ಮಾವನ ಮನಿಗೆ ಬಂದ್ರ ಬಾಗಿಲದಾಗ ಎರಡೂ ಕಾಲು ಕೂಡಿಸಿ ನಿಂತ ಒಳಗ ಬರ್ತಾನ.

ಇಷ್ಟ ಆಗಿದ್ರ ನಕ್ಕು ಬಿಡಬಹುದಿತ್ತು. ಆದ್ರ ಇಂವಾ ನನ್ನ ಒಬ್ಬನ ಮಗನ್ನ ಹಿಡಕೊಂಡು ಕುಂತನಲ್ಲ! ನಾನು ಹಳಿಯಾಳದಾಗ ಗಣಿತ ಕಲಿಸಾಕಿ. ನಮ್ಮ ಮನಿಯವರ ನೌಕರಿ ಅನಮೋಡ ಚೆಕ್‌ಪೋಸ್ಟಿನ್ಯಾಗ, ಮನಿಗೆ ಬರೂದು ವಾರಕ್ಕೊಮ್ಮೆ. ಮಗ ದಾಂಡೇಲಿಯ ಬಂಗೂರನಗರದ ಕಾಲೇಜಿಗೆ ಸೇರಿದಾಗ, ಸ್ವಾದರಮಾವನ ಮನಿಯಾಗ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣತಾನ ಅಂತ ನಾನ ಕಳಿಸಿದ್ದೆ. ನನ್ನ ಬುದ್ಧಿಗೆ ಏನಾಗಿತ್ತೋ.

ಅಣ್ಣ ತನ್ನ ಹಿತ್ತಲದಾಗ, ಜಿಮ್ನಾಸ್ಟಿಕ್ಸಿನ ಫ್ಲೋರ್ ಆಟದ ಅಳತೀಲೆ, ಹನ್ನೆರಡು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲದ ಚೌಕ ಹಾಕಿದ. ಕೆಳಗ ಕಟಿಗಿ ಹೊಟ್ಟಿನ ಚೀಲ. ಮ್ಯಾಲ, ಕಾಗದ ಮಾಡೂ ಮಷೀನಿನ ಹಳೇ ಉಣ್ಣಿ ಫೆಲ್ಟು. ಸವದು ಹೊರಗ ಬಿದ್ದ ಮ್ಯಾಲ ನಮ್ಮ ದಾಂಡೇಲಿಯೊಳಗ ಅದನ್ನ ಹಾಸಾಕ, ಹೊದಿಯಾಕ ಎಲ್ಲದಕ್ಕೂ ಬಳಸ್ತಾರ. ಅದರ ಮ್ಯಾಲ ನನ್ನ ಮಗ ಮೂರು ವರ್ಷ ಲಾಗಾ ಹೊಡದ. ದಾಂಡೇಲಿಯಿಂದ ಫೋನ್ ಬಂದ್ರ ಸಾಕು, ನನ್ನ ಕೈಯಾಗಿನ ಸೀಮೆಸುಣ್ಣ ಕೆಳಗ ಬೀಳತಿತ್ತು.

ಒಮ್ಮೆ ಹೋಗಿ ಕುಂತು ನೋಡಿದೆ. ಹುಡುಗ ಪಾಕೀಟು ಕಳಕೊಂಡವರಗತೆ ಈ ಮೂಲಿಯಿಂದ ಆ ಮೂಲಿಗೆ ಓಡತಾನ, ಜಿಗೀತಾನ, ಮೂಲಿಯಾಗ ನಿಂತು ಉಸಿರು ತಗೋತಾನ, ಮತ್ತ ಓಡತಾನ. ಹೆಣ್ಣ ಹುಡುಗ್ಯಾರು ಹಾಡಿಗೆ ಎಷ್ಟ ಚಂದ ಮಾಡತಾರ, ಇವರಿಗೆ ಒಂದ ಹಾಡರೆ ಹಚ್ಚಬಾರದೇನು ಅಂತ ಕೇಳಿದೆ. ಗಂಡಸರಿಗೆ ಹಾಡು ಪುಸ್ತಕದಾಗ ಇಲ್ಲಂತ! ಮೂಲಿಯಿಂದ ಮೂಲಿಗೇ ಯಾಕಂದ್ರ ಓಡಾಕ ಅದ ಎಲ್ಲಾಕಿಂತ ಉದ್ದನ್ನ ದಾರಿ. ನಡುವ ಒಮ್ಮೆ ಕೈ ಮ್ಯಾಲ ನಿಧಾನಕ್ಕ ಎದ್ದು ನಿಲ್ಲೂದು ಯಾಕಂದ್ರ, ಹಾರೂದು ಒಂದ ಅಲ್ಲ, ಅಂಥಾದೂ ಇರಬೇಕು ಅಂತ ನಿಯಮ. ತೀರ್ಪುಗಾರರೊಳಗ ಎರಡು ಗುಂಪು. ಒಂದು, ಎಷ್ಟು ಕಠಿಣ ಮಾಡಿದಿ ಅಂತ ಕೂಡಿಸ್ಕೋತ ಹೋಗತೈತಿ. ಇನ್ನೊಂದು ಹತ್ತರಿಂದ ಕಳಕೋತ ಬರತೈತಿ.

"ಚಂದ ಮಾಡಿದ್ರ ಅಂಕ ಇಲ್ಲೇನೋ?" ಅಂದೆ.

"ಚಂದಕ್ಕ ಇಲ್ಲ ತಂಗಿ. ಚಂದ ಕೆಟ್ರ ಕಳೀತಾರ."

ಗಣಿತದವಳಾದ ನನಗ ಈ ಲೆಕ್ಕ ತಿಳೀತು. ಆದ್ರ ತಿಳೀಲಾರದ್ದು ಕಡೀ ಓಟ. ಅದರಾಗ ಹುಡುಗ ಗಾಳ್ಯಾಗ ಎರಡು ಸುತ್ತು ತಿರುಗಿ ಇಳೀಬೇಕು. ಒಂದ ಸುತ್ತು ಸಾಕಲ್ಲೋ ಅಂದ್ರ, ಅಣ್ಣ ಲೆಕ್ಕ ಹಾಕಿ ತೋರಿಸಿದ. ಬಿದ್ರ ಪೂರಾ ಒಂದು ಅಂಕ ಹೋಗತೈತಿ ಖರೆ, ಆದ್ರ ಅಭ್ಯಾಸದಾಗ ಹತ್ತು ಸಲದಾಗ ಏಳು ಸಲ ನಿಂತಾನ, ಅದಕ್ಕ ಹಾಕೂದ ಫಾಯ್ದೆ. ಉಳದ ಮೂರು ಸಲ ಎಲ್ಲೆ ಬೀಳತಾನಪ್ಪಾ ಅಂತ ಕೇಳಿದ್ರ, "ಬಹಳ ಮಾಡಿ ಅಂಡಿನ ಮ್ಯಾಲ" ಅಂತ ಶಾಂತ ಹೇಳಿದ. ಸಂಭವನೀಯತೆಯ ಪಾಠ ನಾನು ವರ್ಷಾ ಮಾಡತೇನಿ. ನಮ್ಮ ಕೂಸೇ ಆ ಲೆಕ್ಕದೊಳಗ ಸೇರಿದ್ರ ಹೆಂಗಿರತೈತಿ ಅಂತ ಯಾವ ಪಾಠಪುಸ್ತಕದಾಗೂ ಬರದಿಲ್ಲ. ಬಹಳ ಮಾಡಿ ಅಂದ್ನಲ್ಲ, ಹಂಗಾದ್ರ ಉಳದ ಸಲ ಕುತ್ತಿಗಿ ಮ್ಯಾಲೇನು?

ರಾಜ್ಯಮಟ್ಟದ ಸ್ಪರ್ಧೆ ಬಂತು, ಧಾರವಾಡದಾಗ. ಬೆಳಿಗ್ಗೆ ಅಭ್ಯಾಸಕ್ಕ ಸ್ವಲ್ಪ ಹೊತ್ತು ಕೊಟ್ಟಿದ್ರು. ಆ ಹೊತ್ತಿನ್ಯಾಗ ನಮ್ಮಣ್ಣ ಏನು ಮಾಡಿದ ಅಂತೀರಿ? ಮಿಲ್ಲಿನ ಕಾಲದ ಉಕ್ಕಿನ ಟೇಪ್ ತಗದು, ಚೌಕ ಖರೇನ ಹನ್ನೆರಡು ಮೀಟರ್ ಐತೋ ಇಲ್ಲೋ ಅಂತ ನಾಕೂ ಕಡೆ ಅಳದ! ಟೇಪಿನ ಇನ್ನೊಂದು ತುದಿ ಹಿಡಕೊಂಡು ನಿಂತಂವ ನನ್ನ ಮಗ. ಅಳತಿ ಸರಿಯಾತು, ವ್ಯಾಳ್ಯಾ ಮುಗೀತು. ಹುಡುಗ ಒಂದ ಸಲನೂ ಜೋರಾಗಿ ಓಡಿ ಜಿಗಿದು ನೋಡಲಿಲ್ಲ.

ಆ ನೆಲದ ಕೆಳಗ ಸ್ಪ್ರಿಂಗ್ ಇದ್ದವು. ಹಿತ್ತಲದ ಫೆಲ್ಟು ಕಾಲಿನ ಜೋರು ಎಲ್ಲಾ ನುಂಗತಿತ್ತು, ಅದಕ್ಕ ಹುಡುಗ ಮೂರು ವರ್ಷ ಎರಡರಷ್ಟು ಜೋರು ಹಾಕಿ ತುಳದು ಕಲತಿದ್ದ. ಇದು ನುಂಗೂ ನೆಲ ಅಲ್ಲ, ಕೊಟ್ಟಿದ್ದನ್ನ ತಿರುಗಿ ಕೊಡೂ ನೆಲ. ಮೊದಲನೇ ಓಟಕ್ಕ ನನ್ನ ಮಗ ಎಷ್ಟು ಎತ್ತರ ಹೋದ ಅಂದ್ರ, ನಾನು ಕಣ್ಣು ಮುಚ್ಚಿ ತಗದ್ರೂ ಇನ್ನೂ ಮ್ಯಾಲ ಇದ್ದ! ಇಳದಿದ್ದು ಗೆರಿ ಆಚೆ, ಎರಡೂ ಕಾಲು. ಬಲಗಾಲು ಹೊಳ್ಳಿ ಉಳುಕಿತು. ಗೆರಿ ಕಾಯೂ ತೀರ್ಪುಗಾರ ಬಾವುಟ ಎತ್ತಿದ. ನನಗ ಬಾವುಟ ಯಾತಕ್ಕ ಬೇಕು, ಮಗನ ಮುಖ ಕಾಣ್ತಿತ್ತು.

ಅಂವ ನಿಲ್ಲಲಿಲ್ಲ. ಕೈ ಮ್ಯಾಲ ನಿಂತ, ಇಳದ, ಕುಂಟಕೋತ ಕಡೀ ಓಟದ ಮೂಲಿಗೆ ಹೋದ. ಎರಡು ಸುತ್ತಿನ ಓಟ. ನಾನು ಎದ್ದು ನಿಂತೆ. ಆಟ ನಡದಾಗ ಕೋಚ್ ಮಾತಾಡಬಾರದು, ಚೌಕದಾಗ ಕಾಲಿಡಬಾರದು ಅಂತ ಅಣ್ಣನ ನನಗ ನೂರು ಸಲ ಹೇಳಿದ್ದ.

ನೋಡತೇನಿ, ನಮ್ಮಣ್ಣ ಚಪ್ಪಲ್ ಸಮೇತ ಚೌಕದಾಗ ನಡಕೋತ ಹೊಂಟಾನ. ತೀರ್ಪುಗಾರರೆಲ್ಲ ಎದ್ದು ನಿಂತ್ರು. ಅಂವ ಯಾರನ್ನೂ ನೋಡಲಿಲ್ಲ. ಹುಡುಗನ ಎದಿ ಮ್ಯಾಲ ಕೈ ಇಟ್ಟ.

"ಮಾಮಾ, ಇನ್ನ ಒಂದ ಉಳದೈತಿ" ಅಂತ ಹುಡುಗ ಅಳಾಕ ಹತ್ತಿದ.

"ಉಳೀಲಿ. ನಡಿ" ಅಂದ ಅಣ್ಣ.

ಹೊರಗ ಮೆಟ್ಲಾ ಮ್ಯಾಲ ಅಣ್ಣ ಹುಡುಗನ ಕಾಲು ತನ್ನ ತೊಡಿ ಮ್ಯಾಲ ಇಟಗೊಂಡು ಕುಂತಿದ್ದ. ಮೂರು ವರ್ಷದ ಬೈಗಳ ನನ್ನ ನಾಲಿಗಿ ತುದೀಗಿತ್ತು, ಬೈಯಾಕಂತನ ಹೋದೆ. ಅಣ್ಣ ಪಟ್ಟಿ ಕಟ್ಟಾಕ ನೋಡತಿದ್ದ. ಸುತ್ತತಾನ, ಬಿಚ್ಚತಾನ, ಒಂದ ಸುತ್ತೂ ಕೂಡವಲ್ದು.

"ತಂಗಿ, ಅಂವ ಮೂಲಿಗೆ ಹೋಗಿ ನಿಂತಾಗ ನನಗ ಪುಸ್ತಕದ್ದು ಒಂದ ಅಕ್ಷರ ನೆನಪಾಗಲಿಲ್ಲ" ಅಂದ. "ಇಂವ ಹುಟ್ಟಿದಾಗ ನಿಮ್ಮ ಮನಿಯವರು ಊರಾಗ ಇರಲಿಲ್ಲ. ನರ್ಸ್ ತಂದು ನನ್ನ ಕೈಯಾಗ ಕೊಟ್ಳು. ಇಂವನ ಪಾದ ನನ್ನ ಹೆಬ್ಬೆರಳಿನಷ್ಟ ಇತ್ತು."

ಕೆಳಗಿನ ಮೆಟ್ಲಾ ಮ್ಯಾಲ ಕುಂತು ಪಟ್ಟಿ ಕಸಗೊಂಡು ನಾನ ಸುತ್ತಿದೆ. ಕಣ್ಣು ಮಂಜಾಗಿದ್ದವು, ಎಲ್ಲಿ ಸುತ್ತಿದೆನೋ ಏನೋ. ಗಂಟು ಹಾಕಿ ನೋಡಿದ್ರ ಅಣ್ಣನ ಎರಡು ಬೆರಳೂ ಪಟ್ಟಿ ಒಳಗ ಸೇರಿದ್ದವು. ತಗಿ ಅಂತ ನಾನು ಅನಲಿಲ್ಲ, ಅಂವನೂ ತಗೀಲಿಲ್ಲ.