ಹೂವು ಬಿದ್ದೇ ಬೀಳುವ ರಾಜ್ಯ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿ ನನ್ನನ್ನು ಪೇಚಿಗೆ ಸಿಲುಕಿಸಬೇಡಿ, ಕ್ಷಮಾಗಿರಿ ಎಂಬುದೊಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಅಶ್ರುಪಾಲ ಭೂಪತಿಗಳು ಆಳುತ್ತಿದ್ದರು. ಕೆಟ್ಟವರೇನಲ್ಲ, ಪಾಪ. ತಪ್ಪು ಮಾಡಿದರೆ ಮನಸಾರೆ ಅಳುತ್ತಿದ್ದರು. ಅತ್ತು ಮುಗಿದ ಮೇಲೆ ಮುಖ ತೊಳೆದು ಉಪ್ಪಿಟ್ಟು ತಿನ್ನುತ್ತಿದ್ದರು.

ಆ ರಾಜ್ಯದಲ್ಲಿ ಒಂದು ಪದ್ಧತಿ. ಪ್ರತಿ ಸೋಮವಾರ ಬೆಳಿಗ್ಗೆ ಮಹಾರಾಜರು ಕ್ಷಮಾನಾಥಸ್ವಾಮಿಯ ಮೂರ್ತಿಯೆದುರು ನಿಂತು, ಹಿಂದಿನ ವಾರದ ತಪ್ಪನ್ನು ಪ್ರಜೆಗಳ ಮುಂದೆಯೇ ಒಪ್ಪಿಕೊಳ್ಳಬೇಕು. ಅರ್ಚಕರು ದೇವರ ತಲೆಯ ಮೇಲೊಂದು ದಾಸವಾಳ ಇಡುತ್ತಾರೆ. ಅದು ಜಾರಿ ಬಿದ್ದರೆ ದೇವರು ಕ್ಷಮಿಸಿದನೆಂದು ಅರ್ಥ. ಇಪ್ಪತ್ತು ವರ್ಷಗಳಿಂದ ಒಂದು ಸೋಮವಾರವೂ ತಪ್ಪದೆ ಹೂವು ಬಿದ್ದಿತ್ತು. ಹೀಗಾಗಿ ಆಸ್ಥಾನದಲ್ಲಿ ಒಂದು ಟೈಮ್‌ಟೇಬಲ್ ತಯಾರಾಗಿತ್ತು. ಗುರುವಾರ, ಶುಕ್ರವಾರ ತಪ್ಪು, ಶನಿವಾರ ಪಶ್ಚಾತ್ತಾಪದ ಡ್ರಾಫ್ಟ್, ಭಾನುವಾರ ರಿಹರ್ಸಲ್. ಎಂಥ ಅಡ್ಡಾದಿಡ್ಡಿ ಫೈಲು ಬಂದರೂ ಪಶ್ಚಾತ್ತಾಪ ಖಾತೆಯ ಸಚಿವ ಸಮ್ಮತಿರಾಯರು ಅಂಚಿನಲ್ಲಿ ಒಂದೇ ಷರಾ ಬರೆಯುತ್ತಿದ್ದರು: 'ಮಾಡಬಹುದು. ಸೋಮವಾರ ಇದೆ.'

ಒಂದು ಗುರುವಾರ ಮಹಾರಾಣಿಯವರಿಗೆ ಅರಮನೆಯ ಕೊಳದಲ್ಲಿ ದೋಣಿಯೇರಿ ತಾವರೆ ನೋಡುವ ಆಸೆಯಾಯಿತು. ಹೊಸ ದೋಣಿಗೆ ಟೆಂಡರ್ ಕರೆಯುವಷ್ಟರಲ್ಲಿ ತಾವರೆ ಬಾಡಿಹೋಗುತ್ತದೆ. ಸೈನಿಕರು ಹೋಗಿ ಹೊಳೆದಂಡೆಯಲ್ಲಿ ಕಟ್ಟಿದ್ದ ಅಂಬಿಗರ ಫಕೀರವ್ವನ ದೋಣಿಯನ್ನು ಹೊತ್ತು ತಂದರು. ಆ ಹೊಳೆಗೆ ಇದ್ದದ್ದು ಅದೊಂದೇ ದೋಣಿ. ಆಚೆ ದಂಡೆಯಲ್ಲಿ ಫಕೀರವ್ವನ ಮನೆ, ಮನೆಯಲ್ಲಿ ದಿನ ತುಂಬಿದ ಸೊಸೆ ಗಂಗವ್ವ. ಈಚೆ ದಂಡೆಯಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಒಬ್ಬಳೇ ಸೂಲಗಿತ್ತಿ, ದುರುಗಮ್ಮಜ್ಜಿ. ಅವಳನ್ನು ಕರೆದೊಯ್ಯಲೆಂದೇ ಫಕೀರವ್ವ ಈಚೆಗೆ ಬಂದಿದ್ದಳು.

ಸೋಮವಾರ ಮಹಾರಾಜರು ಎದೆ ಬಡಿದುಕೊಂಡು ಅತ್ತರು. "ಅಯ್ಯೋ ಸ್ವಾಮೀ, ಬಡವಳ ದೋಣಿಯನ್ನು ಅಪಹರಿಸಿದ ಪಾಪಿ ನಾನು!" ಹೂವು ಬಿತ್ತು. ಚಪ್ಪಾಳೆ ಬಿತ್ತು. ಗುಂಪಿನಲ್ಲಿದ್ದ ಫಕೀರವ್ವನೂ ಅತ್ತಳು. ಸೆರಗಲ್ಲಿ ಕಣ್ಣೊರೆಸಿಕೊಂಡು ಸೀದಾ ಅರಮನೆಯ ಕೊಳಕ್ಕೆ ಹೋಗಿ ದೋಣಿಯ ಹಗ್ಗ ಬಿಚ್ಚತೊಡಗಿದಳು.

ಸಮ್ಮತಿರಾಯರು ಏದುಸಿರು ಬಿಡುತ್ತ ಓಡಿಬಂದರು. "ಏನಮ್ಮಾ ಇದು ಅನ್ಯಾಯ!"

"ದೋಣಿ ಒಯ್ಯಾಕ ಬಂದೀನ್ರಿ. ತಪ್ಪಾತು ಅಂತ ರಾಜರು ಅತ್ತರಲ್ರಿ?"

"ಅತ್ತರು, ದೇವರು ಕ್ಷಮಿಸಿದ, ಫೈಲು ಕ್ಲೋಸ್ ಆಯಿತು. ಕ್ಷಮೆಯಾದ ಮೇಲೆ ದೋಣಿಗೆ ಪಾಪದ ಸೋಂಕೇ ಇಲ್ಲ. ಈಗದು ಶುದ್ಧ ಸರ್ಕಾರಿ ಸ್ವತ್ತು. ವಾಪಸು ಕೊಟ್ಟರೆ ದೇವರ ಕ್ಷಮೆಯನ್ನೇ ನಂಬಲಿಲ್ಲ ಎಂದಾಗುತ್ತದೆ. ಅದು ಮಹಾಪಾಪ!"

ಫಕೀರವ್ವ ಮೂಗಿನ ಮೇಲೆ ಬೆರಳಿಟ್ಟಳು. ಆದರೆ ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಮುಂದಿನ ಸೋಮವಾರ ಗುಡಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಹಾರಾಜರು ಯಾವುದೋ ಮಾವಿನ ತೋಪಿನ ವಿಷಯಕ್ಕೆ ಅಳಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಾಗ, "ನನ್ನ ದೋಣಿ ಕೊಡ್ರಿ" ಎಂದಳು.

"ತಾಯೀ, ಸಾಕ್ಷಾತ್ ಭಗವಂತನೇ ಕ್ಷಮಿಸಿರುವಾಗ ನಿನ್ನದೇನು ತಕರಾರು?" ಎಂದರು ಮಹಾರಾಜರು.

"ದೇವರ ದೋಣಿ ಒಯ್ದಿದ್ರ ದೇವರು ಕ್ಷಮಾ ಮಾಡ್ಲಿ ಬಿಡ್ರಿ. ನೀವು ಒಯ್ದದ್ದು ನನ್ನ ದೋಣಿ. ಸೊಸಿಗೆ ಇವತ್ತೋ ನಾಳೆಯೋ ಅನ್ನಂಗೈತಿ. ಸೂಲಗಿತ್ತಿನ ಹೆಂಗ ದಾಟಿಸ್ಲಿ?"

ಅರ್ಚಕರು ಅವಸರದಲ್ಲಿ ಹೂವಿಟ್ಟರು. ಹೂವು ಬೀಳಲಿಲ್ಲ. ಗಂಟೆ ಬಾರಿಸಿದರು, ಬೀಳಲಿಲ್ಲ. ಸಮ್ಮತಿರಾಯರು ಮರೆಯಲ್ಲಿ ಉಫ್ ಎಂದು ಊದಿದರು, ಆಗಲೂ ಇಲ್ಲ. ಹೂವು ಬೀಳುವವರೆಗೆ ಅರಸರು ಏನನ್ನೂ ತಿನ್ನುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾಜಹೊಟ್ಟೆ ತಾಳ ಹಾಕತೊಡಗಿತು.

"ರಾಯರೇ, ದೋಣಿ ಕೊಟ್ಟುಬಿಟ್ಟರೆ ಹೇಗೆ?" ಎಂದರು ಮಹಾರಾಜರು ಮೆಲ್ಲಗೆ. ಇಪ್ಪತ್ತು ವರ್ಷದಲ್ಲಿ ಅವರು ಆಡಿದ ಒಂದೇ ಒಂದು ಒಳ್ಳೆಯ ಮಾತು ಅದು.

"ಮಹಾಪ್ರಭು! ಇಂದು ದೋಣಿ ಕೊಟ್ಟರೆ ನಾಳೆ ತೋಪು ಕೇಳುತ್ತಾರೆ, ನಾಡಿದ್ದು ಸಿಂಹಾಸನ ಕೇಳುತ್ತಾರೆ. ತಪ್ಪು ತಮ್ಮದಲ್ಲ, ತಾಂತ್ರಿಕ ದೋಷ. ಸ್ವಾಮಿಯು ತುಂಬ ನೆಟ್ಟಗೆ ನಿಂತಿದ್ದಾನೆ."

ಕೂಡಲೇ ಸಮಿತಿ ರಚನೆಯಾಯಿತು, ನಿಂತಲ್ಲೇ ವರದಿ ಬಂತು. ದೇವರನ್ನು ನಾಲ್ಕು ಬೆರಳಷ್ಟು ಮುಂದಕ್ಕೆ ವಾಲಿಸಬೇಕು. ಪೀಠದ ಹಿಂಬದಿಗೆ ಬೆಣೆ ಕೊಡಬೇಕು. ಬೆಣೆಗೆ ನೀರು ಕುಡಿದು ಗಟ್ಟಿಯಾದ ಹಲಗೆಯೇ ಆಗಬೇಕು. ಅಂಥ ಹಲಗೆ ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ. ಸಂಜೆಯೊಳಗೆ ದೋಣಿ ಒಡೆದು, ಬೆಣೆ ಬಡಿದು, ಹೂವಿಟ್ಟರು. ಬಿತ್ತು. ಮಹಾರಾಜರು ಉಪ್ಪಿಟ್ಟಿಗೆ ಹೋದರು.

ಮಾರನೆಯ ಬೆಳಿಗ್ಗೆ ಗಂಗವ್ವನಿಗೆ ನೋವು ಬಂತು. ದುರುಗಮ್ಮಜ್ಜಿ ಈಚೆ ದಂಡೆಯಲ್ಲಿ ನಿಂತು, ಸೊಂಟಕ್ಕೆ ಸೆರಗು ಬಿಗಿದು, ಆಚೆಯ ಹೆಂಗಸರಿಗೆ ಕೂಗಿ ಕೂಗಿ ಹೇಳಿದಳು. "ನೀರು ಕಾಸ್ರೇ! ಬೆನ್ನಿಗೆ ಆಸರ ಕೊಡ್ರೇ! ಅವಸರ ಮಾಡಬ್ಯಾಡ್ರೆವ್ವಾ!" ಗಾಳಿ ಅರ್ಧ ಮಾತನ್ನು ಒಯ್ದಿತು. ಮಗು ಹೇಗೋ ಹುಟ್ಟಿತು, ಹೆಣ್ಣು. ತಾಯಿಗೆ ಜ್ವರ ಹಿಡಿಯಿತು. ಇದನ್ನು ಬರೆಯುವಾಗ ನನಗೆ ನಗಿಸಲು ಮನಸ್ಸು ಬರುವುದಿಲ್ಲ, ಕ್ಷಮಿಸಿ.

ಸುದ್ದಿ ಅರಮನೆಗೂ ಮುಟ್ಟಿತು. ಆಶ್ಚರ್ಯವೆಂದರೆ ಮಹಾರಾಜರಿಗೆ ಅನ್ನ ಸೇರದಾಯಿತು. ಸೋಮವಾರ ಅವರು ಡ್ರಾಫ್ಟ್ ಇಲ್ಲದೆ, ಬರಿಗಾಲಲ್ಲಿ ಗುಡಿಗೆ ಬಂದರು. ಕಣ್ಣಲ್ಲಿ ಮಾತ್ರ ನೀರಿರಲಿಲ್ಲ. "ಸ್ವಾಮೀ, ನಾನು..." ಎನ್ನುವಷ್ಟರಲ್ಲಿ ಹೂವು ಬಿತ್ತು.

"ಆಯಿತು ಪ್ರಭು, ಏಳಿ" ಎಂದರು ಅರ್ಚಕರು.

"ನಾನಿನ್ನೂ ಹೇಳಿಯೇ ಇಲ್ಲವಲ್ಲ! ಇನ್ನೊಮ್ಮೆ ಇಡಿ."

ಇಟ್ಟರು, ಬಿತ್ತು. ಮತ್ತೆ ಇಟ್ಟರು, ಕೈ ಬಿಡುವ ಮೊದಲೇ ಬಿತ್ತು. ಮಹಾರಾಜರು ದೇವರ ಮುಖವನ್ನೇ ನೋಡುತ್ತ ನಿಂತರು.

"ಮೂರು ಪಟ್ಟು ಕ್ಷಮೆ!" ಎಂದು ಸಮ್ಮತಿರಾಯರು ಕೂಗಿದರು. "ಯಾವ ಅರಸನಿಗೆ ಸಿಕ್ಕಿದೆ ಈ ಭಾಗ್ಯ?" ಜಯಘೋಷ ಮುಗಿಲು ಮುಟ್ಟಿತು. ಅಲ್ಲೇ ಕ್ಷಮಾಚಕ್ರವರ್ತಿ ಎಂಬ ಬಿರುದು ಕೊಟ್ಟು, ಮುತ್ತಿನ ಪೇಟ ತೊಡಿಸಿ, ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಡಿಸಿದರು. ಚಕ್ರವರ್ತಿಗಳು ಎರಡು ಬೀದಿಯವರೆಗೆ ತಲೆ ತಗ್ಗಿಸಿಕೊಂಡಿದ್ದರು. ಮೂರನೆಯ ಬೀದಿಯಲ್ಲಿ ಕೈ ಬೀಸಿದರು.

ಫಕೀರವ್ವ ಮೆರವಣಿಗೆಗೆ ಹೋಗಲಿಲ್ಲ. ಹೊಳೆದಂಡೆಯಲ್ಲಿ ಕೂತಿದ್ದಳು. ಆಚೆಯಿಂದ ಮೊಮ್ಮಗಳು ಅಳುವುದು ಕೇಳಿಸುತ್ತಿತ್ತು. ಅವಳ ಮುಖ ಹೇಗಿದೆಯೋ, ಇನ್ನೂ ನೋಡಿರಲಿಲ್ಲ.